ದಶಕ ತಪ್ಪಿದ ಯಂತ್ರ

ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ್ದ ಗಂಟನ್ನು ಆ ಹುಡುಗ ಆಟೋದಿಂದ ಇಳಿಸಿ ತಂದು ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟ. ಬಿಚ್ಚುವ ಮೊದಲೇ, ಮೇಜು ಕೊಟ್ಟ ಸದ್ದಿನಿಂದಲೇ ಮುತ್ತುರಾಜನಿಗೆ ಅದೇನೆಂದು ಗೊತ್ತಾಯಿತು. ಅಷ್ಟು ಚಿಕ್ಕದಾಗಿದ್ದು ಅಷ್ಟು ಭಾರವಿರುವ ವಸ್ತು ಅವನ ಅನುಭವದಲ್ಲಿ ಒಂದೇ ಇತ್ತು: ಹಿಡಿ ತಿರುಗಿಸಿ ಲೆಕ್ಕ ಮಾಡುವ ಹಳೇ ಕಾಲದ ಯಂತ್ರ.

“ಮುತ್ತುರಾಜ್ ಅಂದ್ರೆ ನೀವೇನಾ ಸರ್?”

“ಹೌದು. ಇದನ್ನ ರಿಪೇರಿ ಮಾಡೋರು ಈಗ ಯಾರೂ ಇಲ್ಲ. ನಾನೂ ಬಿಟ್ಟು ಮೂವತ್ತು ವರ್ಷ ಆಯ್ತು.”

“ನಿಮ್ಮ ಹೆಸರು ಇದರೊಳಗೇ ಇತ್ತು ಸರ್.” ಹುಡುಗ ಜೇಬಿನಿಂದ ಹಳದಿ ಬಣ್ಣಕ್ಕೆ ತಿರುಗಿದ ಒಂದು ಕಾರ್ಡು ತೆಗೆದು ಕೊಟ್ಟ. ಸರ್ವೀಸ್ ಕಾರ್ಡು. ಕೊನೆಯ ಸಾಲುಗಳಲ್ಲೊಂದು ೧೯೮೪ರ ಜುಲೈ ತಿಂಗಳದು: ‘ಶುಚಿ ಮಾಡಿ ಎಣ್ಣೆ ಹಾಕಲಾಯಿತು’. ಕೆಳಗೆ ಅವನದೇ ಸಹಿ. ಆಗಿನ್ನೂ ಸಹಿಯ ಕೊನೆಗೆ ಒಂದು ಸುತ್ತು ಎಳೆಯುವ ಶೋಕಿ ಇತ್ತು ಅವನಿಗೆ.

ಮುತ್ತುರಾಜ ಬೆಡ್‌ಶೀಟು ಸರಿಸಿ ಯಂತ್ರವನ್ನು ಪಕ್ಕಕ್ಕೆ ಮಗುಚಿದ. ತಳದಲ್ಲಿ ಕೊರೆದ ನಂಬರು ಏಳು. ಅವನು ಅದನ್ನು ಮತ್ತೆ ನೆಟ್ಟಗೆ ಇಟ್ಟು ಕೈ ಒರೆಸಿಕೊಂಡ.

ಹುಡುಗ ಎಂದರೆ ಹುಡುಗನೇನಲ್ಲ, ಮೂವತ್ತು ದಾಟಿದವನು. ಹೆಸರು ಅನಿರುದ್ಧ, ಶೇಷಾದ್ರಿಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಹಳೇ ಲೆಕ್ಕದ ಯಂತ್ರಗಳನ್ನು ಕೂಡಿಹಾಕುವ ಹುಚ್ಚು ಅವನಿಗೆ. ಬರೀ ಕೂಡಿಹಾಕುವುದಲ್ಲ, ಒಂದೊಂದನ್ನೂ ಬಿಚ್ಚಿ ನೋಡಿ, ಅದರಂತೆಯೇ ಕೆಲಸ ಮಾಡುವ ನಕಲೊಂದನ್ನು ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ತಯಾರಿಸುತ್ತಿದ್ದ. ಆಗಲೇ ನಾಲ್ಕು ಮಾಡಿದ್ದ. ಫೋನು ತೆಗೆದು ತೋರಿಸಿದ. ಪರದೆಯ ಮೇಲೆ ಪುಟ್ಟ ಹಿಡಿಯೊಂದನ್ನು ಬೆರಳಿನಿಂದ ತಿರುಗಿಸಿದರೆ ಚಕ್ರಗಳು ತಿರುಗಿ ಅಂಕಿಗಳು ಬದಲಾಗುತ್ತಿದ್ದವು, ಸದ್ದು ಕೂಡ ಬರುತ್ತಿತ್ತು. ಸದ್ದು ತಕ್ಕಮಟ್ಟಿಗೆ ಸರಿಯಾಗಿಯೇ ಇತ್ತು.

“ಇದೆಲ್ಲಿ ಸಿಕ್ತು?” ಮುತ್ತುರಾಜ ಕೇಳಿದ್ದು ಫೋನಿನ ಬಗ್ಗೆ ಅಲ್ಲ.

“ಒಂದು ಹಳೇ ಆಫೀಸಿನ ಗುಜರಿ ಹರಾಜಿನಲ್ಲಿ. ಒಂದು ಬೀರು, ಅದರೊಳಗೆ ಈ ಮೆಷಿನ್ನು. ಕೆಳಗಿನ ಡ್ರಾಯರ್‌ನಲ್ಲಿ ಎರಡು ದೊಡ್ಡ ರಿಜಿಸ್ಟರ್ ಇತ್ತು ಸರ್, ಹರಾಜಿನವರು ನೋಡೇ ಇಲ್ಲ. ಎಂಬತ್ತನಾಲ್ಕನೇ ಇಸವಿ ಗುಮಾಸ್ತರ ಪರೀಕ್ಷೆದು. ಸಾವಿರದ ಒಂಬೈನೂರು ಜನರ ಮಾರ್ಕ್ಸ್, ಎಲ್ಲ ಇದೇ ಮೆಷಿನ್ನಲ್ಲಿ ಕೂಡಿದ್ದು. ಪ್ರತಿ ಪೇಜಿನ ಮೇಲೂ ಏಳು ಅಂತ ಬರೆದಿದೆ.”

ಮುತ್ತುರಾಜ ಕಾರ್ಡಿನ ಮೇಲಿನ ತಿಂಗಳನ್ನು ಮತ್ತೆ ಓದಿದ.

“ನಾನೊಂದು ಚಿಕ್ಕ ಪ್ರೋಗ್ರಾಂ ಬರೀತಿದೀನಿ. ಎಲ್ಲ ಮಾರ್ಕ್ಸ್ ಒಳಗೆ ಹಾಕಿ, ಮತ್ತೆ ಕೂಡಿಸಿ, ಈ ಮೆಷಿನ್ ಎಷ್ಟು ಕರೆಕ್ಟಾಗಿ ಕೂಡ್ತಿತ್ತು ಅಂತ ತೋರಿಸ್ಬೇಕು. ನನ್ನ ವೆಬ್‌ಸೈಟಿಗೆ ಚೆನ್ನಾಗಿರತ್ತೆ ಅಲ್ವಾ ಸರ್? ಎರಡು ವಾರ ಆಗ್ಬಹುದು.”

ಮೆಷಿನ್ನು ಬಿಟ್ಟುಹೋಗಿ, ನೋಡೋಣ, ಎಂದಷ್ಟೇ ಹೇಳಿ ಮುತ್ತುರಾಜ ಅವನನ್ನು ಕಳಿಸಿದ.

ಎಂಬತ್ತನಾಲ್ಕರಲ್ಲಿ ಮುತ್ತುರಾಜನಿಗೆ ಇಪ್ಪತ್ತೇಳು ವರ್ಷ. ಲೆಕ್ಕದ ಯಂತ್ರ ಮಾರುವ ಕಂಪನಿಯಲ್ಲಿ ಮೆಕ್ಯಾನಿಕ್. ಗುಮಾಸ್ತರ ಪರೀಕ್ಷೆ ನಡೆಸುವ ನೇಮಕಾತಿ ಕಚೇರಿಯ ಹನ್ನೆರಡು ಯಂತ್ರಗಳ ಉಸ್ತುವಾರಿ ಅವನದು. ಯಂತ್ರದ ಕೆಲಸ ಸರಳ. ಒಂದು ಸಂಖ್ಯೆಯ ಕೀಲಿಗಳನ್ನು ಒತ್ತಿ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಅದು ಕಿಟಕಿಯಲ್ಲಿ ಬಂದು ಕೂರುತ್ತದೆ. ಇನ್ನೊಂದು ಸಂಖ್ಯೆ ಒತ್ತಿ ತಿರುಗಿಸಿದರೆ ಮೊದಲಿನದಕ್ಕೆ ಸೇರುತ್ತದೆ. ಒಂದು ಚಕ್ರ ಒಂಬತ್ತು ದಾಟಿ ಸೊನ್ನೆಗೆ ಬಂದಾಗ ಒಂದು ಪುಟ್ಟ ಕೊಕ್ಕೆ ಪಕ್ಕದ ಚಕ್ರವನ್ನು ಒಂದು ಮನೆ ಮುಂದಕ್ಕೆ ತಳ್ಳಬೇಕು. ಸ್ಕೂಲಿನಲ್ಲಿ ಮಕ್ಕಳು ‘ದಶಕ ಒಂದು’ ಎನ್ನುತ್ತಾರಲ್ಲ, ಅದೇ. ಕೊಕ್ಕೆಯ ಹಿಂದೆ ಕೂದಲೆಳೆಯಂಥ ಒಂದು ಸ್ಪ್ರಿಂಗು.

ಆಯ್ಕೆಯಾದವರ ಪಟ್ಟಿ ಹೊರಬಿದ್ದು ಮೂರು ವಾರವಾದ ಮೇಲೆ ಏಳನೇ ನಂಬರನ್ನು ಶುಚಿ ಮಾಡಲು ಬಿಚ್ಚಿದಾಗ ಆ ಸ್ಪ್ರಿಂಗು ಸೋತಿರುವುದು ಅವನ ಕಣ್ಣಿಗೆ ಬಿತ್ತು, ಅದೂ ನೂರರ ಚಕ್ರದ್ದು. ಕೂತು ಇನ್ನೂರು ಸಲ ಹಿಡಿ ತಿರುಗಿಸಿದ. ಒಂದು ಸಲ ದಶಕ ತಪ್ಪಿತು. ಮತ್ತೆ ಇನ್ನೂರು ಸಲ ತಿರುಗಿಸಿದಾಗ ಎರಡು ಸಲ. ಅಂದರೆ ಯಾರದೋ ಒಟ್ಟು ಅಂಕದಲ್ಲಿ ಸರಿಯಾಗಿ ನೂರು ಮಾಯ. ಆ ವರ್ಷ ಆತುರದಲ್ಲಿ ಹತ್ತು ಸಾಲಿಗೆ ಒಂದನ್ನು ಮಾತ್ರ ಮರುಪರಿಶೀಲಿಸಿದ್ದರು. ಅಂಕಗಳನ್ನು ಯಾರಿಗೂ ತಿಳಿಸುವ ಪದ್ಧತಿ ಇರಲಿಲ್ಲ. ನೋಟೀಸು ಬೋರ್ಡಿನಲ್ಲಿ ನಂಬರು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಅವನು ಸೂಪರಿಂಟೆಂಡೆಂಟ್ ದೊಡ್ಡಬೈರಪ್ಪನವರ ಮುಂದೆ ಹೋಗಿ ನಿಂತ. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿದರು.

“ಪಟ್ಟಿಗೆ ಸಹಿ ಆಗೋಯ್ತಲ್ಲಪ್ಪ. ಕೆಲಸಕ್ಕೂ ಸೇರ್ಕೊಂಡಾಯ್ತು ಎಲ್ಲ. ಈಗ ನೀನು ಬಾಯಿ ಬಿಟ್ರೆ ಮೊದಲು ಕೇಳೋದು ಏನು ಗೊತ್ತಾ? ಮೆಷಿನ್ ಕೆಟ್ಟಿದ್ದು ಮೆಕ್ಯಾನಿಕ್‌ಗೆ ಯಾಕೆ ಗೊತ್ತಾಗ್ಲಿಲ್ಲ ಅಂತ. ಸ್ಪ್ರಿಂಗ್ ಬದಲಾಯಿಸು. ಎಣ್ಣೆ ಹಾಕ್ದೆ ಅಂತ ಬರಿ.”

ಅವನು ಹಾಗೆಯೇ ಬರೆದ.

ಆ ಪರೀಕ್ಷೆಯನ್ನು ಅವನ ತಂಗಿ ರುದ್ರಾಣಿಯೂ ಬರೆದಿದ್ದಳು. ಮನೆಯಲ್ಲಿ ಲೆಕ್ಕವೆಂದರೆ ಅವಳೇ. ಅಂಗಡಿಯ ಶೆಟ್ಟರು ಚೀಟಿ ಬರೆದು ಮುಗಿಸುವಷ್ಟರಲ್ಲಿ ಒಟ್ಟು ಹೇಳಿಬಿಡುತ್ತಿದ್ದಳು. ಪರೀಕ್ಷೆ ಮುಗಿಸಿ ಬಂದ ದಿನ “ಲೆಕ್ಕದ ಪೇಪರು ನೂರಕ್ಕೆ ನೂರು” ಎಂದು ಅಪ್ಪ ಕಾಳಪ್ಪನ ಮುಂದೆ ಕೈ ಬೀಸಿ ಹೇಳಿದ್ದಳು. ನೋಟೀಸು ಬೋರ್ಡಿಗೆ ಮುತ್ತುರಾಜನೇ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿದ್ದ. ಅವಳು ಮೂರು ಸಲ ಪಟ್ಟಿ ಓದಿದಳು. ಮಾರನೇ ತಿಂಗಳು ಅಪ್ಪ ಇನ್ನು ಪರೀಕ್ಷೆ ಸಾಕು ಎಂದು ಚಾಮರಾಜಪೇಟೆಯ ಒಂದು ಸಂಬಂಧ ಒಪ್ಪಿಕೊಂಡ. “ಅಣ್ಣಾ, ಇನ್ನೊಂದ್ಸಲ ಬರೀಲಾ? ಅಪ್ಪಂಗೆ ನೀನು ಹೇಳು” ಎಂದು ಅವಳು ಕೇಳಿದ್ದು ಅವನು ಸರ್ವೀಸ್ ಕಾರ್ಡಿಗೆ ಸಹಿ ಹಾಕಿದ ವಾರವೇ. ಹೇಳುವುದಕ್ಕೆ ಹೊರಟರೆ ಎಲ್ಲವನ್ನೂ ಹೇಳಬೇಕಾಗುತ್ತದೆಂದು ಹೆದರಿ ಅವನು ಅಪ್ಪನಿಗೆ ಏನೂ ಹೇಳಲಿಲ್ಲ. ಅವಳು ಮದುವೆಯಾಗಿ ಹೋದಳು. ಗಂಡನ ಸಂಬಳ ಸಾಲದೆ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತೆಂಟು ವರ್ಷ ನಿಂತುಕೊಂಡು ಶರಟುಗಳ ದಾರ ಕತ್ತರಿಸಿದಳು. ಈಗ ಅವಳ ಕಾಲಿನ ನರಗಳು ಗಂಟುಗಟ್ಟಿಕೊಂಡು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ.

ಅವಳ ಅಂಕದಲ್ಲಿ ನೂರು ಕಳೆದಿತ್ತೋ ಇಲ್ಲವೋ ಮುತ್ತುರಾಜನಿಗೆ ಯಾವತ್ತೂ ಗೊತ್ತಾಗಲಿಲ್ಲ. ಆದರೆ ಅವಳ ಕಾಲು ನೋಡಿದಾಗಲೆಲ್ಲ ಕಳೆದಿತ್ತು ಎಂದೇ ಅವನಿಗೆ ಅನ್ನಿಸುತ್ತಿತ್ತು.

ಈಗ ಎರಡು ವಾರದಲ್ಲಿ ಅದು ಗೊತ್ತಾಗಲಿತ್ತು. ರಿಜಿಸ್ಟರಿನಲ್ಲಿ ಹೆಸರುಗಳಿದ್ದವು. ಊರೆಲ್ಲ ನೋಡುವ ಜಾಗದಲ್ಲಿ ಅನಿರುದ್ಧ ಅದನ್ನು ಹಾಕಿದರೆ ರುದ್ರಾಣಿಗೆ ಇನ್ಯಾರೋ ತೋರಿಸುತ್ತಾರೆ. ನಾಲ್ಕು ದಿನ ಅವನಿಗೆ ಊಟ ಸೇರಲಿಲ್ಲ. ಐದನೇ ದಿನ ಅಂಗಡಿಯ ಶಟರ್ ಎಳೆದು, ಮೆಟ್ರೋ ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು ಚಾಮರಾಜಪೇಟೆಗೆ ನಡೆದುಕೊಂಡು ಹೋದ.

ರುದ್ರಾಣಿ ವರಾಂಡದಲ್ಲಿ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು. ಅವನು ಕುರ್ಚಿಯ ಅಂಚಿನಲ್ಲಿ ಕೂತು, ಸ್ಪ್ರಿಂಗಿನಿಂದ ಹಿಡಿದು ದೊಡ್ಡಬೈರಪ್ಪನವರ ತನಕ, ಈಗ ಸಿಕ್ಕಿರುವ ರಿಜಿಸ್ಟರು, ಅನಿರುದ್ಧನ ಎರಡು ವಾರದ ಲೆಕ್ಕದ ತನಕ ಎಲ್ಲ ಹೇಳಿದ. ಅವಳು ಕೈ ನಿಲ್ಲಿಸದೆ ಕೇಳಿದಳು. ಅವನು ಮುಗಿಸಿದ ಮೇಲೂ ನಾಲ್ಕಾರು ಕಾಯಿ ಬಿಡಿಸಿದಳು.

“ಹಂಗಾದ್ರೆ ನಾನು ಫೇಲಾಗಿರ್ಲಿಲ್ಲ” ಎಂದಳು.

ಅವಳ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟಲ್ಲ. ಒಂದು ಬಗೆಯ ಬೆಳಕು. ಇಪ್ಪತ್ತೊಂದು ವರ್ಷದ ಹುಡುಗಿ ಅಪ್ಪನ ಮುಂದೆ ಕೈ ಬೀಸಿ ನಿಂತಾಗ ಇದ್ದದ್ದು.

“ಗೊತ್ತಿಲ್ಲ ರುದ್ರಿ. ಇರಬಹುದು ಅಂತ ಅಷ್ಟೇ...”

“ಇರಬಹುದು ಏನು? ನಾನು ಬರೆದಿದ್ದು ನಂಗೊತ್ತಿಲ್ವಾ? ನಲವತ್ತು ವರ್ಷ ನಾನು ದಡ್ಡಿ ಅಂತ ನಾನೇ ನಂಬ್ಕೊಂಡಿದ್ನಲ್ಲೋ ಅಣ್ಣ. ನನ್ನ ಮಗಳು ಲೆಕ್ಕ ಕೇಳಕ್ಕೆ ಬಂದ್ರೆ ನಂಗೇನು ಬರತ್ತೆ, ಹೋಗಿ ನಿಮ್ಮ ಟೀಚರ್‌ನ ಕೇಳು ಅಂತಿದ್ದೆ.” ಆಮೇಲೆ ಸಿಟ್ಟು ಬಂತು. ಅದು ಬಂದಾಗ ಅವಳ ದನಿ ಏರಲಿಲ್ಲ, ಇಳಿಯಿತು. “ನೀನು ಆವತ್ತು ನನ್ನ ಮುಖ ನೋಡ್ಕೊಂಡು ಹೆಂಗೆ ಸುಮ್ನಿದ್ದೆ? ಎದ್ದು ಹೋಗು.”

ಅವನು ಎದ್ದು ಬಂದ.

ವಾರದೊಳಗೆ ನೆಂಟರಿಷ್ಟರಿಗೆಲ್ಲ ವಿಷಯ ಮುಟ್ಟಿತು. ರುದ್ರಾಣಿ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದ್ದಳು. ಅವಳ ಮಗಳು ಯಶಶ್ರೀ ಮುತ್ತುರಾಜನಿಗೆ ಫೋನ್ ಮಾಡಿ, “ಮಾವ, ಅಮ್ಮ ಈಗ ಬೆಳಿಗ್ಗೆ ಎದ್ದು ಪೇಪರಿನಲ್ಲಿ ಬರೋ ಲೆಕ್ಕದ ಒಗಟೆಲ್ಲ ಬಿಡಿಸ್ತಾಳೆ. ಖುಷಿಯಾಗಿದಾಳೆ. ನೀವು ಮಾತ್ರ ಸದ್ಯಕ್ಕೆ ಬರ್ಬೇಡಿ” ಎಂದಳು. ಶ್ರೀರಾಂಪುರದ ಚಿಕ್ಕಪ್ಪನ ಮನೆಯ ನಾಮಕರಣಕ್ಕೆ ಅವನು ಹೋದಾಗ, ಅವನು ಕೂತ ಸಾಲಿನಲ್ಲಿ ಎರಡೂ ಪಕ್ಕದ ಎಲೆಗಳು ಖಾಲಿ ಉಳಿದವು. ಅವನು ಅದಕ್ಕೆ ಬೇಸರಪಡಲಿಲ್ಲ. ನ್ಯಾಯವಾದ ಶಿಕ್ಷೆ ತಡವಾಗಿ ಬಂತು ಎಂದುಕೊಂಡು ತಲೆ ತಗ್ಗಿಸಿ ಉಂಡು ಬಂದ.

ಅನಿರುದ್ಧ ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಬಂದ. ಬ್ಯಾಗಿನಲ್ಲಿ ರಿಜಿಸ್ಟರುಗಳು, ತೊಡೆಯ ಮೇಲೆ ಲ್ಯಾಪ್‌ಟಾಪ್. ಕಣ್ಣುಗಳು ಹೊಳೆಯುತ್ತಿದ್ದವು.

“ಸರ್, ನೀವು ನಂಬಲ್ಲ. ಸಾವಿರದ ಒಂಬೈನೂರರಲ್ಲಿ ಹನ್ನೊಂದು ತಪ್ಪು. ಹನ್ನೊಂದೂ ಕರೆಕ್ಟಾಗಿ ನೂರು ಕಮ್ಮಿ. ಮನುಷ್ಯ ತಪ್ಪು ಮಾಡಿದ್ರೆ ಹಿಂಗೆ ಬರಲ್ಲ. ಇದು ಮೆಷಿನ್ನೇ ಮಾಡಿರೋದು.”

“ನಾಲ್ಕು ಸಾವಿರದ ನೂರ ಹದಿನೇಳು ನೋಡಿ” ಎಂದ ಮುತ್ತುರಾಜ. ತಂಗಿಯ ನಂಬರನ್ನು ಅವನು ಮರೆತಿರಲಿಲ್ಲ.

ಅನಿರುದ್ಧ ಟೈಪ್ ಮಾಡಿದ. “ರುದ್ರಾಣಿ ಕೆ. ಮುನ್ನೂರ ಹದಿನೆಂಟು. ಸರಿಯಾಗೇ ಇದೆ. ಸೆಲೆಕ್ಟ್ ಆದವರಲ್ಲಿ ಕೊನೆಯವರಿಗೆ ಮುನ್ನೂರ ಮೂವತ್ತೊಂದು ಇದೆ ಸರ್. ಹದಿಮೂರು ಕಮ್ಮಿ ಬಿತ್ತು ಇವರಿಗೆ. ಯಾರು ಇವರು?”

ಮುತ್ತುರಾಜ ಸ್ಟೂಲಿನ ಮೇಲೆ ಕೂತ. ಎದೆಯ ಮೇಲಿನ ಒಂದು ಚಪ್ಪಡಿಯನ್ನು ಯಾರೋ ಎತ್ತಿದಂತಾಯಿತು. ನಾನು ಅವಳ ಬಾಳು ಹಾಳು ಮಾಡಲಿಲ್ಲ. ಆ ಸುಖ ಒಂದು ನಿಮಿಷವೂ ನಿಲ್ಲಲಿಲ್ಲ. ಪರದೆಯ ಮೇಲೆ ಹನ್ನೊಂದು ಹೆಸರು ಕೆಂಪಕ್ಷರದಲ್ಲಿ ಸಾಲಾಗಿ ನಿಂತಿದ್ದವು. ಇಷ್ಟು ವರ್ಷ ಅವನು ತಂಗಿಯೊಬ್ಬಳನ್ನು ಬಿಟ್ಟು ಬೇರೆ ಯಾರನ್ನೂ ನೆನೆದಿರಲೇ ಇಲ್ಲ. ನೆನೆಯಬೇಕೆಂದು ಹೊಳೆದಿರಲೂ ಇಲ್ಲ.

ಅವನು ಅನಿರುದ್ಧನಿಗೆ ವಿಷಯವೆಲ್ಲ ತಿಳಿಸಿ, “ನನ್ನ ತಂಗಿ ಸಾಲು ಯಾರಿಗೂ ತೋರಿಸ್ಬೇಡಿ” ಎಂದು ಹೇಳಬೇಕೆಂದುಕೊಂಡ. ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿರುವಾಗಲೇ ಅಂಗಡಿಯ ಮುಂದೆ ಆಟೋ ನಿಂತಿತು. ರುದ್ರಾಣಿ ಒಂದೊಂದೇ ಕಾಲು ಎತ್ತಿಟ್ಟು ಇಳಿದಳು. ಒಳ್ಳೆ ಸೀರೆ ಉಟ್ಟಿದ್ದಳು. ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಹಾಲ್ ಟಿಕೆಟ್ಟು ಇತ್ತು.

“ಆ ರಿಜಿಸ್ಟರ್ ನೋಡ್ಬೇಕು ನಾನು” ಎಂದಳು. “ಫೋಟೋ ತೆಗೆಸ್ಕೊಂಡು ಹೋಗ್ಬೇಕು. ನಮ್ಮ ಮನೆಯವರು ನಂಬ್ತಿಲ್ಲ.”

“ಇಲ್ಲ ರುದ್ರಿ, ಆ ಪೇಜೆಲ್ಲ ಗೆದ್ದಲು ತಿಂದ್ಹೋಗಿದೆ.”

“ಇಲ್ಲ ಸರ್, ಚೆನ್ನಾಗಿದೆಯಲ್ಲ” ಎಂದ ಅನಿರುದ್ಧ. ಅವನಿಗೆ ಏನೂ ಗೊತ್ತಿರಲಿಲ್ಲ. “ನಂಬರ್ ಹೇಳಿ ಆಂಟಿ.”

ಅವಳು ಹಾಲ್ ಟಿಕೆಟ್ಟನ್ನೇ ಕೊಟ್ಟಳು. ಅವನು ಅದನ್ನು ನೋಡಿ, ಈಗಷ್ಟೇ ಕೇಳಿದ ನಂಬರು ಎಂದು ಗುರುತಿಸಿ, ಮುತ್ತುರಾಜನ ಮುಖ ನೋಡಿದ. ಆದರೆ ಅಷ್ಟರಲ್ಲಿ ಕೈ ರಿಜಿಸ್ಟರ್ ತೆರೆದಾಗಿತ್ತು. ರುದ್ರಾಣಿ ಕನ್ನಡಕ ಹಾಕಿಕೊಂಡು ತನ್ನ ಹೆಸರಿನ ಮೇಲೆ ಬೆರಳಿಟ್ಟಳು. ಬೆರಳು ಬಲಕ್ಕೆ ಸರಿಯಿತು.

“ಎಪ್ಪತ್ತೊಂದು, ಐವತ್ತೆಂಟು, ನೂರಿಪ್ಪತ್ತೊಂಬತ್ತು. ಅರವತ್ನಾಲ್ಕು, ನೂರ ತೊಂಬತ್ಮೂರು. ನಲವತ್ತೊಂಬತ್ತು, ಇನ್ನೂರ ನಲವತ್ತೆರಡು. ಎಪ್ಪತ್ತಾರು...”

ಬೆರಳು ಅಲ್ಲಿಯೇ ನಿಂತಿತು. “ಇದು ಯಾವುದರ ಮಾರ್ಕ್ಸು?”

“ಮೇಲೆ ಬರೆದಿದೆ ಆಂಟಿ. ಲೆಕ್ಕದ್ದು.”

“ಎಪ್ಪತ್ತಾರೇನಾ?”

ಪಕ್ಕದ ಅಂಗಡಿಯ ಜೆರಾಕ್ಸ್ ಯಂತ್ರ ಒಂದೇ ಸಮನೆ ಹಾಳೆ ಉಗುಳುತ್ತಿತ್ತು. ಅವಳು ಈ ಸಲ ಬಲದಿಂದ ಎಡಕ್ಕೆ ಕೂಡಿದಳು, ತುಟಿ ಮಾತ್ರ ಅಲ್ಲಾಡಿಸುತ್ತ. ಮುನ್ನೂರ ಹದಿನೆಂಟೇ ಬಂತು. ಕನ್ನಡಕ ತೆಗೆದು ಕವರಿನಲ್ಲಿಟ್ಟಳು, ಹಾಲ್ ಟಿಕೆಟ್ಟಿನ ಜೊತೆ.

“ನಿಂಗೊತ್ತಿತ್ತಾ?” ಎಂದು ಅಣ್ಣನನ್ನು ಕೇಳಿದಳು.

“ಈಗ, ನೀನು ಬರೋ ಹತ್ತು ನಿಮಿಷದ ಮುಂಚೆ ಗೊತ್ತಾಯ್ತು.”

“ಹಂಗಾದ್ರೆ ಆವತ್ತು ನಮ್ಮನೆಗೆ ಯಾಕೆ ಬಂದೆ? ಇದು ಗೊತ್ತಾಗೋ ತನಕ ಕಾಯಕ್ಕಾಗ್ಲಿಲ್ವಾ ನಿಂಗೆ? ಎರಡು ವಾರ.”

“ಬೇರೆಯವರಿಂದ ನಿಂಗೆ ಗೊತ್ತಾಗ್ಬಾರ್ದು ಅಂತ...”

“ನಂಗೋಸ್ಕರ ಅಲ್ಲ ಅದು.” ಅವಳ ದನಿ ಸಣ್ಣಗಿತ್ತು, ಒಣಗಿತ್ತು. “ನೀನು ಒಂದ್ಸಲ ಬಾಯಿ ಮುಚ್ಕೊಂಡಿದ್ದೆ, ಒಂದ್ಸಲ ಬಾಯಿ ಬಿಟ್ಟೆ. ಎರಡೂ ನಿನ್ನ ಅನುಕೂಲಕ್ಕೇ. ನಾನು ಹೆಂಗೋ ದಡ್ಡಿ ಅಂತ ಒಪ್ಕೊಂಡು ನಲವತ್ತು ವರ್ಷ ಕಳೆದಿದ್ದೆ. ನೀನು ಬಂದು ಅಲ್ಲ ಅಂದೆ. ಊರಿಗೆಲ್ಲ ಹೇಳ್ಕೊಂಡು ಬಂದೆ ನಾನು. ಈಗ ಮತ್ತೆ ಮೊದಲಿಂದ ಒಪ್ಕೊಬೇಕು.”

ಎದ್ದು ನಿಂತವಳು ಲ್ಯಾಪ್‌ಟಾಪಿನ ಕೆಂಪಕ್ಷರ ನೋಡಿದಳು. ಅವು ಯಾರ ಹೆಸರು ಎಂದು ಕೇಳಿದಳು. ಅನಿರುದ್ಧ ತಗ್ಗಿದ ದನಿಯಲ್ಲಿ ಹೇಳಿದ. ಅವಳು ರಿಜಿಸ್ಟರಿನಲ್ಲಿ ಮೊದಲನೆಯದನ್ನು ತೆಗೆಸಿ ನೋಡಿದಳು. ಶಕುಂತಲಾ, ಮಲ್ಲೇಶ್ವರ. ಎಂಬತ್ತೆರಡು, ಎಪ್ಪತ್ತೇಳು, ಅರವತ್ತೊಂಬತ್ತು, ಎಂಬತ್ನಾಲ್ಕು, ಎಪ್ಪತ್ಮೂರು. ಒಟ್ಟು ಎಂದು ಬರೆದದ್ದು ಇನ್ನೂರ ಎಂಬತ್ತೈದು.

“ಮುನ್ನೂರ ಎಂಬತ್ತೈದು” ಎಂದಳು ರುದ್ರಾಣಿ, ತಕ್ಷಣ. “ಇವಳಿಗೆ ಯಾರು ಹೇಳ್ತಾರೆ?” ಉತ್ತರಕ್ಕೆ ಕಾಯದೆ ಹೋಗಿ ಆಟೋ ಹತ್ತಿದಳು.

ಮುತ್ತುರಾಜ ಮಾರನೇ ದಿನವೇ ಹನ್ನೊಂದೂ ನಂಬರು ಬರೆದು, ತನ್ನ ತಪ್ಪನ್ನೂ ಬರೆದು, ಆ ನೇಮಕಾತಿ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದ. ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ಸದರಿ ಅವಧಿಯ ಕಡತಗಳನ್ನು ನಿಯಮಾನುಸಾರ ನಾಶಪಡಿಸಲಾಗಿದೆ, ಆದ್ದರಿಂದ ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ಕಡತ ತನ್ನ ಹತ್ತಿರವೇ ಇದೆ ಎಂದು ಅನಿರುದ್ಧ ಇನ್ನೊಂದು ಪತ್ರ ಬರೆದ. ಅದಕ್ಕೆ ಉತ್ತರವೇ ಬರಲಿಲ್ಲ.

ಶಕುಂತಲಾ ಎಂಬುವರ ವಿಳಾಸ ಅಂಗಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಆ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ಎದುರಿನ ಇಸ್ತ್ರಿ ಅಂಗಡಿಯ ಶೀನಣ್ಣ ಹಳಬ.

“ಶಕುಂತಲಮ್ಮನಾ? ಮನೆ ಮನೆಗೆ ಹೋಗಿ ಅಡುಗೆ ಮಾಡ್ತಿದ್ರು ಪಾಪ. ತೀರ್ಕೊಂಡು ಆರು ವರ್ಷ ಆಯ್ತು. ಒಬ್ರೇ ಇದ್ರು. ನೀವೇನಾಗ್ಬೇಕು ಅವರಿಗೆ?”

“ಏನೂ ಇಲ್ಲ” ಎಂದ ಮುತ್ತುರಾಜ. ಅಂದ ಮೇಲೆ ಅದು ಸುಳ್ಳೆನ್ನಿಸಿತು. ಶೀನಣ್ಣ ಇಸ್ತ್ರಿಪೆಟ್ಟಿಗೆಯ ಕೆಂಡ ಊದಿಕೊಂಡು ಮತ್ತೆ ಕೆಲಸಕ್ಕೆ ತೊಡಗಿದ.

ಅನಿರುದ್ಧ ಏಳನೇ ನಂಬರಿನ ನಕಲನ್ನು ಮುಗಿಸಿ ಎಲ್ಲರಿಗೂ ಸಿಗುವಂತೆ ಬಿಟ್ಟ. ಅದರಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ಸ್ಪ್ರಿಂಗು ಸೋತ ಯಂತ್ರದಂತೆ ಆಗೊಮ್ಮೆ ಈಗೊಮ್ಮೆ ದಶಕ ತಪ್ಪುತ್ತಿತ್ತು. ಜನ ಅದನ್ನು ಇಷ್ಟಪಟ್ಟರು. ಎಷ್ಟು ಸಲ ತಿರುಗಿಸಿದರೆ ತಪ್ಪುತ್ತದೆ ಎಂದು ಪಂದ್ಯ ಕಟ್ಟಿ, ನಗುವ ಮುಖದ ಚಿತ್ರ ಹಾಕಿ ಬರೆದರು. ಅನಿರುದ್ಧ ಅದನ್ನು ತೋರಿಸಿದಾಗ ಮುತ್ತುರಾಜ ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ.

“ಆ ಗುಂಡಿ ತೆಗೆದುಬಿಡಿ” ಎಂದ.

“ಅದೇ ತಾನೇ ಸರ್ ನಿಜ? ಅದನ್ನ ತೆಗೆದ್ರೆ ಮೆಷಿನ್ ಚೆನ್ನಾಗಿತ್ತು ಅಂತ ಸುಳ್ಳು ಹೇಳ್ದಂಗೆ ಆಗತ್ತೆ.”



ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅವನು ರುದ್ರಾಣಿಗೆ ಫೋನ್ ಮಾಡಿದ. ಎತ್ತುವುದಿಲ್ಲ ಎಂದುಕೊಂಡಿದ್ದ, ಎತ್ತಿದಳು. ಶಕುಂತಲಮ್ಮನ ವಿಷಯ ಹೇಳಿದ.

“ಮಿಕ್ಕ ಹತ್ತು ಜನ?” ಎಂದಳು.

“ಇಬ್ಬರು ತೀರ್ಕೊಂಡಿದಾರೆ. ಐದು ಜನದ್ದು ಊರಿನ ಹೆಸರು ಬಿಟ್ರೆ ಏನಿಲ್ಲ. ಮೂರು ಜನದ್ದು ವಿಳಾಸ ಇದೆ. ಹೋಗ್ಬೇಕು.”

“ಹೋಗಿ ಏನಂತೀಯ?”

ಅವಳ ಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು.

“ಈ ಸಲ ಬಾಗಿನ ತರ್ಬೇಡ” ಎಂದಳು ರುದ್ರಾಣಿ. “ಮನೇಲಿ ನೆಂಟರು ಇರ್ತಾರೆ. ನಿನ್ನ ನೋಡಿದ್ರೆ ಆ ವಿಷಯ ತೆಗೀತಾರೆ. ನಾನು ಯಾರಿಗೂ ಇನ್ನೂ ಹೇಳಿಲ್ಲ, ಮುನ್ನೂರ ಹದಿನೆಂಟು ಅಂತ.”

“ನಾನು ಹೇಳಲ್ಲ” ಎಂದ ಅವನು.

“ಗೊತ್ತು” ಎಂದಳು ಅವಳು. “ಅದರಲ್ಲಿ ನೀನು ಪಳಗಿದವನು.”

ಹಬ್ಬದ ದಿನ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಮೊರ, ಬಳೆ, ಅರಿಶಿನ ಕುಂಕುಮ ಕೊಳ್ಳುವ ಅಣ್ಣತಮ್ಮಂದಿರ ನೂಕುನುಗ್ಗಲು. ಮುತ್ತುರಾಜ ಅವರ ನಡುವೆ ದಾರಿ ಮಾಡಿಕೊಂಡು ಅಂಗಡಿಗೆ ಹೋಗಿ ಶಟರ್ ಎತ್ತಿದ. ಮೂರು ವಿಳಾಸಗಳಿದ್ದ ಚೀಟಿ ಮೇಜಿನ ಗಾಜಿನ ಕೆಳಗಿತ್ತು. ಅದನ್ನು ತೆಗೆದು ಓದಿ, ಹಬ್ಬದ ದಿನ ಯಾರ ಮನೆ ಬಾಗಿಲಿಗೂ ಹೋಗಿ ಇಂಥ ಮಾತು ಹೇಳಬಾರದು ಎಂದುಕೊಂಡು, ಮತ್ತೆ ಅಲ್ಲೇ ಇಟ್ಟ.